ಮೊಳೆಗೆ ಮರಳಿದ ಚಾವಿ

ಮಾವಾ,

ನೀವಿದ್ದಿದ್ದರೆ ಈ ಕಾಗದವನ್ನು ಕೈಗೆತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ನನ್ನನ್ನು ತವರೂರಿನ ಹೆಸರಿನಿಂದಲೇ ಕರೆದು, "ಎಂತ ಇದು ಕುಶಾಲನಗರ? ಸುದ್ದಿ ಮೊದ್ಲು ಹೇಳು, ಕಥೆ ಆಮೇಲೆ" ಎನ್ನುತ್ತಿದ್ದಿರಿ. ಪಲ್ಟನ್ನಿನಲ್ಲಿ ಸುಬೇದಾರರಾಗಿದ್ದಾಗ ಅಂಟಿದ ಅಭ್ಯಾಸ ಅದು. ಈ ಸಲ ಮಾತ್ರ ಸುದ್ದಿ ಕೊನೆಗೇ ಬರುತ್ತದೆ, ಬೈದುಕೊಳ್ಳಿ. ಅದಕ್ಕೆ ಮೊದಲು ನನಗೊಂದು ವಿಷಯ ಬಗೆಹರಿಯಬೇಕು. ಹುತ್ತರಿ ಹಬ್ಬ ಕಳೆದು ನೀವು ಹೋದಿರಿ, ಅಂಗಳದಲ್ಲಿ ಎರಡು ಗುಂಡು ಹಾರಿಸಿ ಊರಿಗೆ ತಿಳಿಸಿದರು. ಆವತ್ತಿನಿಂದ ಇದೊಂದೇ ತಲೆಯಲ್ಲಿ ಗುಂಯ್ಗುಡುತ್ತಿದೆ. ಸೊಸೆಯಾಗಿ ಬಂದವಳಿಗೆ ಕಾರು ಓಡಿಸಲು ಕಲಿಸಿದಿರಲ್ಲ, ನಿಮಗೆ ಬೇಕಾಗಿದ್ದದ್ದು ಡ್ರೈವರೋ, ಮಗಳೋ?

ಕಾರು ಮನೆಗೆ ಬಂದ ದಿನ ನೆನಪಿದೆಯೇ? ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೊಸತು. ನಾಪೋಕ್ಲಿನ ಆಚೆಯ ಎಸ್ಟೇಟಿನ ದೊರೆ ಗಂಟುಮೂಟೆ ಕಟ್ಟಿ ಇಂಗ್ಲೆಂಡಿಗೆ ಹೊರಟವರು, ತಮ್ಮ ಕಪ್ಪು ಜರ್ಮನ್ ಕಾರನ್ನು ನಿಮಗೆ ಮಾರಿ ಹೋದರು. ಮೂತಿಯ ಮೇಲೆ ಮೂರು ಮೂಲೆಯ ಬೆಳ್ಳಿ ನಕ್ಷತ್ರ. ಹೊರಗಿನಿಂದ ನೋಡಿದರೆ ಮಹಾರಾಜರ ಗಾಡಿ, ಸದ್ದು ಮಾತ್ರ ಅಕ್ಕಿ ಗಿರಣಿಯದು. ಡೀಸೆಲ್ ಎಂಜಿನ್ ಬಸ್ಸು ಲಾರಿಗಷ್ಟೇ ಇರುತ್ತದೆ ಎಂದು ತಿಳಿದಿದ್ದ ಊರು, ಅಂಗಳದಲ್ಲಿ ನೆರೆದು ನಕ್ಕಿತು. ಅವತ್ತಿನಿಂದ ಅದಕ್ಕೆ 'ಜರ್ಮನಿ' ಎಂದೇ ಹೆಸರು. ಸುಬೇದಾರ್ರು ಜರ್ಮನಿ ತೊಳೀತಾ ಇದ್ದಾರೆ, ಜರ್ಮನಿಗೆ ಎಣ್ಣೆ ಹಾಕಿಸಲು ಮಡಿಕೇರಿಗೆ ಹೋಗಿದ್ದಾರೆ, ಹೀಗೆ. ಅತ್ತೆ ಮಾತ್ರ ಮೂಗು ಮುಚ್ಚಿಕೊಂಡು, "ನಂಗೆ ಬೊತ್ತು ಆ ವಾಸನೆ" ಎಂದು ಒಳಗೆ ಹೋದರು. ನಿಮ್ಮ ಮನೆಯ ಅರೆಭಾಷೆಯಲ್ಲಿ ನಾನು ಮೊದಲು ಕಲಿತ ಮಾತೇ ಅದು, ಬೊತ್ತು, ಬೇಡ.

ನಿಮ್ಮ ಎಡಮಂಡಿಯೊಳಗೆ ಜರ್ಮನರ ಸಿಡಿಗುಂಡಿನ ಚೂರು ಇತ್ತು. ಯುದ್ಧದಲ್ಲಿ ನಿಮ್ಮ ಜೊತೆಗೇ ಇದ್ದ ನನ್ನಪ್ಪ ಅದನ್ನು ನೂರು ಸಲ ಹೇಳಿದ್ದಾರೆ. ಹಾಗಿರುವಾಗ ಅದೇ ಜರ್ಮನರ ಕಾರು ಕೊಳ್ಳುವುದೆಂದರೆ... ಒಮ್ಮೆ ಧೈರ್ಯ ಮಾಡಿ ಕೇಳಿಯೂ ಬಿಟ್ಟೆ. ನೀವು ಬಾನೆಟ್ಟು ಒರೆಸುತ್ತಲೇ, "ಗುಂಡೂ ಚೆನ್ನಾಗಿಯೇ ಮಾಡಿದ್ರು, ಇಷ್ಟು ವರ್ಷ ಆದ್ರೂ ತುಕ್ಕು ಹಿಡೀಲಿಲ್ಲೆ" ಎಂದಿರಿ. ಅದು ತಮಾಷೆಯೋ, ಸಿಟ್ಟೋ, ಕ್ಷಮೆಯೋ ನನಗಂತೂ ತಿಳಿಯಲಿಲ್ಲ. ನಿಮ್ಮ ಮಾತು ಯಾವತ್ತೂ ಹೀಗೆಯೇ. ಕೇಳಿದವರಿಗೆ ಉತ್ತರ ಸಿಕ್ಕಿದಂತಿರುತ್ತದೆ, ಮನೆಗೆ ಹೋಗಿ ಗಂಟು ಬಿಚ್ಚಿದರೆ ಒಳಗೆ ಏನೂ ಇರುವುದಿಲ್ಲ.

ಕಲಿಸಲು ಶುರು ಮಾಡಿದ್ದು ಕಾಫಿ ಒಣಗಿಸುವ ಕಣದಲ್ಲಿ. ಕ್ಲಚ್ಚು ಒತ್ತುವುದು ಎಡಗಾಲು, ನಿಮಗೆ ಕೈಕೊಟ್ಟದ್ದೂ ಅದೇ ಕಾಲು. ನಿಮ್ಮ ಹಿರಿಮಗ ದೊಡ್ಡ ಬಾವ ಜೀಪು ಓಡಿಸುತ್ತಿದ್ದರು, ಆದರೆ ಗೇರನ್ನು ಎಮ್ಮೆಯ ಕೊಂಬು ಹಿಡಿದಂತೆ ಹಿಡಿಯುತ್ತಾರೆ ಎಂದು ಅವರನ್ನು ಹತ್ತಿರ ಸೇರಿಸಲಿಲ್ಲ. ನನ್ನನ್ನು ಕಟ್ಟಿಕೊಂಡ ನಿಮ್ಮ ಕಿರಿಮಗನಿಗೆ ನಾಲ್ಕು ತಿರುವು ದಾಟಿದರೆ ತಲೆ ಸುತ್ತುತ್ತದೆ. ಉಳಿದವಳು ನಾನು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೂತವಳಿಗೆ ನೀವು ಕಲಿಸಿದ ಮೊದಲ ಪಾಠ ಸುಮ್ಮನಿರುವುದು. ಎಂಜಿನ್ ಬಿಸಿ ಮಾಡುವ ಗುಂಡಿ ಎಳೆದು ಹಿಡಿದರೆ ಎದುರಿನ ಹಲಗೆಯ ಪುಟ್ಟ ಕಣ್ಣಿನಲ್ಲಿ ತಂತಿ ಮೆಲ್ಲಗೆ ಕೆಂಪಾಗುತ್ತದೆ. ಅದು ಪೂರ್ತಿ ಕೆಂಪಾಗುವ ಮೊದಲು ಎಂಜಿನ್ ಎಬ್ಬಿಸಬಾರದು. "ಅವಸರ ಮಾಡಿದ್ರೆ ಕೆಮ್ಮುತ್ತದೆ. ಕಾಯಿ" ಎನ್ನುತ್ತಿದ್ದಿರಿ. ಚಳಿಗಾಲದ ಬೆಳಿಗ್ಗೆ ಆ ಕಣ್ಣನ್ನೇ ನೋಡುತ್ತ ನಾವಿಬ್ಬರೂ ಮಾತಿಲ್ಲದೆ ಕೂತಿರುತ್ತಿದ್ದೆವಲ್ಲ, ಈ ಮನೆಯಲ್ಲಿ ನನಗೆ ತವರು ಮರೆತದ್ದು ಅಲ್ಲಿಯೇ.

ಕಾಯುವ ಹೊತ್ತಿಗೆ ಒಮ್ಮೊಮ್ಮೆ ದೊರೆ ಹೇಳಿದ ಕಥೆಗಳು ಬರುತ್ತಿದ್ದವು. ಜರ್ಮನಿಯಲ್ಲಿ ಕಾರು ಕಟ್ಟಿದ ಮೊದಲಿಗನಿಗೆ ಅದನ್ನು ದೂರ ಓಡಿಸುವ ಧೈರ್ಯವಿರಲಿಲ್ಲವಂತೆ. ಅವನ ಹೆಂಡತಿ, ಗಂಡ ಏಳುವ ಮೊದಲೇ ಮಕ್ಕಳಿಬ್ಬರನ್ನು ಕೂರಿಸಿಕೊಂಡು ತವರಿಗೆ ಹೊರಟೇಬಿಟ್ಟಳಂತೆ. ದಾರಿಯಲ್ಲಿ ಎಣ್ಣೆ ಮುಗಿದರೆ ಔಷಧಿ ಅಂಗಡಿಯಲ್ಲಿ ಕೊಂಡಳಂತೆ, ಕೊಳವೆ ಕಟ್ಟಿಕೊಂಡರೆ ಟೋಪಿಯ ಪಿನ್ನು ತೆಗೆದು ಬಿಡಿಸಿದಳಂತೆ. ಇನ್ನೊಂದು ಕಥೆ ಒಬ್ಬ ವ್ಯಾಪಾರಿಯದು. ಕಾರು ಮಾರಿ ಕೊಡುತ್ತೇನೆ, ಆದರೆ ನನ್ನ ಮಗಳ ಹೆಸರಿಡಬೇಕು ಎಂದು ಹಟ ಹಿಡಿದನಂತೆ. ಈಗಲೂ ಲೋಕವೆಲ್ಲ ನಮ್ಮ ಜರ್ಮನಿಯಂಥ ಕಾರನ್ನು ಕರೆಯುವುದು ಆ ಹುಡುಗಿಯ ಹೆಸರಿನಿಂದಲೇ ಎಂದು ಹೇಳಿ, "ಮಗಳಿದ್ದವ್ನ ಹಟ ನೋಡು" ಎಂದು ನೀವು ಹೊರಗೆ ನೋಡುತ್ತ ಕೂತಿರಿ. ಇಬ್ಬರು ಗಂಡುಮಕ್ಕಳ ತಂದೆ ನೀವು. ಆ ಮಾತನ್ನು ನಾನು ಎಲ್ಲಿ ಇಟ್ಟುಕೊಳ್ಳಬೇಕಿತ್ತು? ಕಥೆಗಳು ದೊರೆಯವೋ, ನೀವೇ ಹೊಸೆದವೋ ಅದೂ ಗೊತ್ತಿಲ್ಲ.

ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಶಾಲನಗರಕ್ಕೆ ನಾನೇ ಓಡಿಸಿಕೊಂಡು ಹೋದ ದಿನ ಅಪ್ಪ ಜಗಲಿಯಿಂದ ಎದ್ದವರು ಮತ್ತೆ ಕೂತುಬಿಟ್ಟರು. ಅಮ್ಮ ಇದ್ದಿದ್ದರೆ ದೃಷ್ಟಿ ತೆಗೆಯುತ್ತಿದ್ದಳೋ ಏನೋ. ಆದರೆ ನನಗೆ ಕುಟುಕಿದ್ದು ದಾರಿಯಲ್ಲಿ ನಡೆದದ್ದು. ಸುಂಟಿಕೊಪ್ಪದ ಹತ್ತಿರ ಎದುರು ಬಂದ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಏನ್ ಸುಬೇದಾರ್ರೇ, ಡ್ರೈವರ್ ಸಿಗ್ಲಿಲ್ವಾ?" ಎಂದ.

"ಸಿಕ್ಕಿ ಆಗಿದೆ. ಕಾಣುದಿಲ್ವಾ?" ಎಂದಿರಿ ನೀವು.

ಅವನು ನಕ್ಕ, ನೀವೂ ನಕ್ಕಿರಿ. ನಾನು ರಸ್ತೆ ನೋಡುತ್ತಿದ್ದೆ. 'ನನ್ನ ಸೊಸೆ' ಎನ್ನಬಹುದಿತ್ತಲ್ಲ? ನೀವು ನನ್ನ ಹೆಸರು ಹಿಡಿದು ಕರೆದದ್ದಿಲ್ಲ, ಮಗಳೇ ಎಂದದ್ದೂ ಇಲ್ಲ. ಊರ ಹೆಸರೇ ನನ್ನ ಹೆಸರಾಗಿತ್ತು. ಅವತ್ತಿನಿಂದ ಸ್ಟಿಯರಿಂಗ್ ಹಿಡಿದಾಗೆಲ್ಲ ನಾನು ಈ ಮನೆಯ ಯಾರು ಎಂಬ ಅನುಮಾನ ಮಡಿಲಲ್ಲಿ ಕೂತಿರುತ್ತಿತ್ತು. ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ಹೋದ ಕೈಲ್ ಮುಹೂರ್ತದ, ನಿಮ್ಮ ಕಡೆಯ ಆಯುಧಪೂಜೆಯ, ಬೆಳಿಗ್ಗೆ ಮಳೆ ಬಿಟ್ಟಿತ್ತು. ನಡುಮನೆಯಲ್ಲಿ ತೂಗುದೀಪದ ಕೆಳಗೆ ಕೋವಿ, ಕತ್ತಿ, ಗುದ್ದಲಿ ಎಲ್ಲ ಒರೆಸಿ ಗಂಧ ಹಚ್ಚಿ ಇಟ್ಟಿದ್ದರು, ಕೋವಿಯ ತುದಿಗೆ ಹೂ ಸಿಕ್ಕಿಸಿದ್ದರು. ಅವುಗಳ ನಡುವೆ ಕಾರಿನ ಚಾವಿಯೂ ಇತ್ತು. ಪೂಜೆಯಾದ ಮೇಲೆ ನೀವು ಒಬ್ಬೊಬ್ಬರನ್ನೇ ಕರೆದು ಕೊಟ್ಟಿರಿ. ದೊಡ್ಡ ಬಾವನಿಗೆ ಕೋವಿ, ನಿಮ್ಮ ಕಿರಿಮಗನಿಗೆ ಇನ್ನೊಂದು ಕೋವಿ. ಆಮೇಲೆ, "ಕುಶಾಲನಗರ, ಬಾ ಇಲ್ಲಿ" ಎಂದು ಆ ಚಾವಿಯನ್ನು ನನ್ನ ಅಂಗೈಯಲ್ಲಿಟ್ಟಿರಿ. ಯಾರೋ ಕಿಸಕ್ಕನೆ ನಕ್ಕರು. ಗಂಡಸರೆಲ್ಲ ಅಂಗಳಕ್ಕೆ ಇಳಿದು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯತೊಡಗಿದರು. ನನಗೋ ಒಲೆಯ ಮೇಲಿನ ಕಡುಬಿನ ಚಿಂತೆ. ಎತ್ತಿಡಲು ಕೊಟ್ಟಿದ್ದೀರಿ ಎಂದುಕೊಂಡು, ಬಾಗಿಲ ಪಕ್ಕದ ಮೊಳೆಗೆ, ಅದು ದಿನಾ ಇರುವ ಜಾಗಕ್ಕೆ, ತೂಗುಹಾಕಿ ಒಳಗೆ ಹೋದೆ.

ಅವತ್ತು ಮಧ್ಯಾಹ್ನ ನೀವು ಕಡುಬನ್ನು ಎಲೆಯಲ್ಲೇ ಬಿಟ್ಟು ಎದ್ದಿರಿ. ಆಮೇಲೆ ಒಂದು ಸಲವೂ 'ಜರ್ಮನಿ ತೆಗಿ' ಎನ್ನಲಿಲ್ಲ. ನನಗಾಗ ತಿಂಗಳು ನಿಂತಿತ್ತು, ಬಸುರಿ ಹೆಂಗಸಿಗೆ ಬೇಡ ಎಂದಿರಬೇಕು ಎಂದುಕೊಂಡೆ. ಕುಂಟುಗಾಲಿನಲ್ಲಿ ನೀವೇ ಓಡಿಸಿಕೊಂಡು ಹೋಗುವಾಗ ಗೇಟಿನ ಹತ್ತಿರ ಎಂಜಿನ್ ಸತ್ತುಹೋಗುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕರೆದರೆ ಓಡಿ ಬರುತ್ತಿದ್ದೆ ಮಾವಾ, ನೀವು ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಎಂದು ಕೇಳುವಷ್ಟರಲ್ಲಿ...

ನಿಮ್ಮ ಕರ್ಮಾಂತರ ಮುಗಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ದೊಡ್ಡ ಬಾವ, "ಸ್ಪೇರ್ ಪಾರ್ಟ್ಸ್ ಬೊಂಬಾಯಿಂದ ಬರ್ಬೇಕು, ಓಡ್ಸುವವ್ರು ಮನೇಲಿ ಯಾರೂ ಇಲ್ಲೆ. ಮಾರುದೇ ವಾಸಿ. ಮೈಸೂರಿನ ಕಂಟ್ರಾಕ್ಟರ್ ಒಬ್ರು ಕೇಳ್ತಾ ಇದ್ದಾರೆ" ಎಂದರು. ನಾನು ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. ಓಡಿಸುವವರು ಯಾರೂ ಇಲ್ಲ! ಯಾರಾದರೂ ನನ್ನ ಕಡೆ ನೋಡುತ್ತಾರೆಂದು ಕಾದೆ. ನಿಮ್ಮ ಕಿರಿಮಗನೂ ತಲೆ ಎತ್ತಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ತಲೆಯೇ ಕೆಟ್ಟಿತು. ಇವರ ಕಣ್ಣೆದುರಿಗೇ ಮಡಿಕೇರಿಯ ಆಫೀಸಿಗೆ ಹೋಗಿ ಲೈಸೆನ್ಸ್ ತಂದವಳಲ್ಲವೇ ನಾನು?

ಸಂಜೆ ಅತ್ತೆಯ ಹತ್ತಿರ ಕೇಳಿದೆ. ಅವರು ಮೊರದಿಂದ ಕಣ್ಣೆತ್ತದೆ, "ಕೊಟ್ಟಾಗ ಬೇಡ ಹೇಳಿದ್ದು ನೀನೇ ಅಲ್ವಾ?" ಎಂದರು.

"ನಾನೆಲ್ಲಿ ಅಂದೆ ಅತ್ತೆ?"

"ದೀಪದ ಕೆಳಗಿಂದ ಹಿರಿಯರು ಕೊಟ್ಟದ್ದನ್ನ ಅಂಗಳಕ್ಕೆ ತಕ್ಕೊಂಡು ಹೋಗಿ ಒಂದ್ಸಲ ಉಪಯೋಗಿಸ್ಬೇಕು. ಕೋವಿ ಆದ್ರೆ ಒಂದು ಗುಂಡು, ಕತ್ತಿ ಆದ್ರೆ ಒಂದು ಬಾಳೆ. ಆಮೇಲೆ ಅದು ನಿಂದು. ಉಪಯೋಗಿಸದೆ ತಿರುಗಿ ಇಟ್ರೆ ನಂಗೆ ಬೊತ್ತು ಹೇಳಿದ ಹಾಗೆ. ನಮ್ಮನೆ ಪದ್ಧತಿ ಅದು. ನೀನು ಸೀದಾ ಮೊಳೆಗೆ ಹಾಕಿದೆ. ಅವ್ರು ಎಷ್ಟು ದಿನ ಮಾತಾಡ್ಲಿಲ್ಲೆ ಗೊತ್ತುಂಟಾ?"

ನಮ್ಮ ಕುಶಾಲನಗರದ ಕಡೆ ಆಯುಧಪೂಜೆ ಎಂದರೆ ಕುಂಕುಮ ಹಚ್ಚುವುದು, ನಿಂಬೆಹಣ್ಣು ಒಡೆಯುವುದು, ಅಷ್ಟೇ. ಇದು ನನಗೆ ಹೇಗೆ ಗೊತ್ತಾಗಬೇಕು? ನೀವಾದರೂ ಒಂದು ಮಾತು ಬೈಯಬಾರದಿತ್ತೇ? ಮೂರು ತಿಂಗಳು ಒಂದೇ ಮನೆಯಲ್ಲಿ, ನೀವು ನನ್ನನ್ನು ಬೇಡವೆಂದವಳು ಎಂದುಕೊಂಡು, ನಾನು ನಿಮ್ಮನ್ನು ಕರೆಯದವರು ಎಂದುಕೊಂಡು... ಅತ್ತೆಯ ಎದುರಿಗೇ ಅತ್ತುಬಿಟ್ಟೆ. "ಅವರಿಗೆ ಡ್ರೈವರ್ ಬೇಕಾಗಿತ್ತು ಅಂದ್ಕೊಂಡಿದ್ದೆ" ಎಂದೆ. ಅತ್ತೆ ಮೊರ ಕೆಳಗಿಟ್ಟು ನನ್ನನ್ನು ತುಂಬ ಹೊತ್ತು ನೋಡಿದರು. ಮರುದಿನ ನೋಡಿದರೆ ಮೊಳೆಯಲ್ಲಿ ಚಾವಿ ಇರಲಿಲ್ಲ. ಮಾರಲು ತೆಗೆದಿದ್ದಾರೆ ಎಂದುಕೊಂಡೆ.

ಈಗ ಸುದ್ದಿ ಹೇಳುತ್ತೇನೆ. ಕಾಫಿಗೆ ಹೂಮಳೆ ಬಿದ್ದ ವಾರ, ಒಂದು ಮಧ್ಯಾಹ್ನ ನನಗೆ ಹೆರಿಗೆಯಾಯಿತು. ಹೊರಗೆ ದೊಡ್ಡ ಬಾವ ಕೋವಿ ಹಿಡಿದು ನಿಂತಿದ್ದರಂತೆ, ಗಂಡಾದರೆ ಒಂದು ಗುಂಡು ಹಾರಿಸಬೇಕಲ್ಲ. ಸೂಲಗಿತ್ತಿ ಬಾಗಿಲಿಗೆ ಬಂದು, "ಗೂಡೆ" ಎಂದಳು. ಹೆಣ್ಣು. ಬಾವ ಕೋವಿಯನ್ನು ಗೋಡೆಗೆ ಒರಗಿಸಿದರಂತೆ. ನಾನು ಒಳಗೆ ಮಲಗಿ ಆ ಮೌನವನ್ನು ಕೇಳುತ್ತಿದ್ದೆ. ಹೆಣ್ಣು ಹುಟ್ಟಿದರೆ ಅಷ್ಟೇ ಎಂದು ಗೊತ್ತಿದ್ದೂ ಕಿವಿ ಅಂಗಳದ ಕಡೆಗೇ ಇತ್ತು. ಆಗ ಶೆಡ್ಡಿನಿಂದ ನಿಮ್ಮ ಜರ್ಮನಿಯ ಹಾರನ್ ಕೇಳಿಸಿತು. ಮೊದಲು ಬ್ಯಾಟರಿ ಸತ್ತ ಹಾಗೆ ಗೊರಗೊರ ಅಂದಿತು, ಆಮೇಲೆ ಗಂಟಲು ಬಿಟ್ಟು ಉದ್ದಕ್ಕೆ ಒಂದೇ ಸಮ ಕೂಗಿತು. ಲೈನ್ ಮನೆಗಳಿಂದ ಆಳುಗಳು ಓಡಿ ಬಂದರು. ಏನಾಯಿತೋ ಎಂದು ಬಾವನೂ ಓಡಿದರು.

ಕಾರಿನೊಳಗೆ ಅತ್ತೆ ಇದ್ದರಂತೆ, ಮಾವಾ. ಆ ವಾಸನೆಗೆ ಮೂಗು ಮುಚ್ಚುತ್ತಿದ್ದ ನಿಮ್ಮ ಹೆಂಡತಿ, ನಿಮ್ಮ ಸೀಟಿನಲ್ಲಿ ಕೂತು ಎರಡೂ ಕೈಯಿಂದ ಹಾರನ್ ಒತ್ತುತ್ತಿದ್ದರು. ಬಾವ ಏನೋ ಹೇಳಹೊರಟದ್ದಕ್ಕೆ, "ಮೈಸೂರಿನವ್ರಿಗೆ ಹೇಳು, ಗಾಡಿ ಕೊಡುವುದಿಲ್ಲ" ಎಂದರಂತೆ. ಮತ್ತೆ ಕೈಕಾಲು ತೊಳೆದು ನನ್ನ ಹತ್ತಿರ ಬಂದು, ಸೆರಗಿನ ಗಂಟು ಬಿಚ್ಚಿ, ಚಾವಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಈ ಸರ್ತಿ ಮೊಳೆಗೆ ಹಾಕ್ಬೇಡ" ಎಂದರು.

"ಹಾರನ್ ಹೊಡೀಬೇಕು ಅಂತ ಮಾವ ಹೇಳಿದ್ರಾ?" ಎಂದು ಕೇಳಿದೆ.

"ಎಲ್ಲ ಅವ್ರೇ ಹೇಳ್ಬೇಕಾ?" ಎಂದವರು, ಮಗುವನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತರು. "ಅವತ್ತು ಡ್ರೈವರ್ ಹೇಳಿದೆಯಲ್ಲ ನೀನು. ದೀಪದ ಕೆಳಗಿಂದ ಡ್ರೈವರಿಗೆ ಚಾವಿ ಕೊಡ್ತಾರಾ, ಹುಚ್ಚಿ?"

ಹಾಗಾದರೆ ಬಸ್ಸಿನವನಿಗೆ ಹಾಗೇಕೆ ಅಂದಿರಿ? ಅದು ಇನ್ನೂ ಅರ್ಥವಾಗಿಲ್ಲ. ನಿಮ್ಮನ್ನು ಪೂರ್ತಿ ಅರ್ಥ ಮಾಡಿಕೊಳ್ಳುವ ಆಸೆಯನ್ನು ಬಿಟ್ಟಿದ್ದೇನೆ. ಬಾಣಂತನ ಮುಗಿದು ನಿನ್ನೆ ಅಂಗಳಕ್ಕೆ ಇಳಿದೆ. ಅತ್ತೆ ಪಕ್ಕದ ಸೀಟಿನಲ್ಲಿ, ಮೂಗಿಗೆ ಸೆರಗು ಹಿಡಿದು, ಮಡಿಲಲ್ಲಿ ನಿಮ್ಮ ಮೊಮ್ಮಗಳು. ಗುಂಡಿ ಎಳೆದು ಹಿಡಿದೆ. "ಎಂತಕೆ ಸುಮ್ಮನೆ ಕೂತೆ?" ಎಂದು ಅತ್ತೆ ಗದರಿದರು. ಕಾಯಬೇಕು ಅತ್ತೆ, ಎಂದೆ. ಕಣ್ಣು ಕೆಂಪಾಯಿತು, ಎಂಜಿನ್ ಒಂದೇ ಏಟಿಗೆ ಎದ್ದಿತು, ಗಿರಣಿಯ ಆ ಸದ್ದಿಗೂ ಮಗು ಕಣ್ಣು ಬಿಡಲಿಲ್ಲ. ಅಂಗಳವನ್ನು ಒಂದು ಸುತ್ತು ಬಂದೆ. ಪದ್ಧತಿಯಂತೆ ಉಪಯೋಗಿಸಿದ್ದೇನೆ, ತಡವಾಗಿ.

ಮೊಳೆ ಈಗ ಖಾಲಿ ಇದೆ ಮಾವಾ. ಹುಡುಕಬೇಡಿ, ಚಾವಿ ನನ್ನ ಹತ್ತಿರ ಇದೆ.

ನಿಮ್ಮ
ಕುಶಾಲನಗರ