ಸಾರಾಯಿ ಬಾಟಲಿಯ ಪೆಟ್ರೋಲು

ರೊಮೇನಿಯಾ ಗಡಿ, 1993

ಸ್ರೆತೆನ್ ಅಣ್ಣಾ,

ಅತ್ತಿಗೆಯನ್ನು ಹೆರಿಗೆಗೆ ಕರೆದೊಯ್ಯಲು ರೊಮೇನಿಯಾದಲ್ಲಿ ಪೆಟ್ರೋಲು ಸಿಕ್ಕಿತು. ಮಾವ ಅದನ್ನು ಪ್ಲಮ್ ಸಾರಾಯಿಯ ಬಾಟಲಿಗಳಿಗೆ ತುಂಬಿ ಕಾರಿನಲ್ಲಿಟ್ಟಿದ್ದ. ಇಲ್ಲಿನ ಕಾವಲಿನವನು ಒಂದನ್ನು ಎತ್ತಿದ.

"ಯುದ್ಧ ಮಾಡೋ ನಿಮ್ ದೇಶಕ್ಕೆ ದಿಗ್ಬಂಧನ ಇದೆ, ಪೆಟ್ರೋಲು ಬಿಡಲ್ಲ. ಸಾರಾಯಿನೇ ಆದ್ರೆ ಒಂದ್ ಗುಟುಕು ಕುಡಿದು ತೋರ್ಸು, ಮುದುಕಪ್ಪ."

ಅಂಗಳವೆಲ್ಲ ಮೊದಲೇ ಪೆಟ್ರೋಲು ನಾರುತ್ತಿದ್ದದ್ದು ನಮ್ಮ ಪುಣ್ಯ. ಮಾವ ಬಿರಡೆ ತೆಗೆದು ಇಡೀ ಬಾಟಲಿಯನ್ನು ನೆಲಕ್ಕೆ ಸುರಿದ.

"ಸತ್ತೋರಿಗೆ ಕೊಡದೆ ನಾನ್ ಹೆಂಗ್ ಕುಡೀಲಿ? ಮೊನ್ನೆ ನನ್ನ ಸೋದರಳಿಯ ಯುದ್ಧದಲ್ಲಿ ಹೋದ."

ಕಾವಲಿನವನು ಟೋಪಿ ತೆಗೆದು ಹೆಸರು ಕೇಳಿದ. ಮಾವನ ಬಾಯಿಗೆ ಬಂದದ್ದು ನಿನ್ನ ಹೆಸರು.

ಬ್ರೆಡ್ಡಿನ ವ್ಯಾನನ್ನು ಮಾತ್ರ ಬಿಡುತ್ತಿದ್ದಾರೆ, ಈ ಕಾರ್ಡು ಅದರಲ್ಲಿ ಬರುತ್ತದೆ. ನಮ್ಮನ್ನು ಬಿಡುವುದು ನಾಳೆಯಂತೆ. ಹುಡುಕಿಕೊಂಡು ನೀನು ಬರಬೇಡ, ಗುರುತಿನ ಚೀಟಿ ನೋಡುವವನು ಅವನೇ. ನಿನ್ನ ಹೆಸರಲ್ಲಿ ಅವನು ಮೇಣದಬತ್ತಿ ಹಚ್ಚಿ ನಮ್ಮ ಕಾರಿನ ಮೇಲೆಯೇ ಇಟ್ಟಿದ್ದಾನೆ. ಆರಿಸೋಣವೆಂದರೆ ನೋಡುತ್ತಾ ನಿಂತಿದ್ದಾನೆ.

ನಿನ್ನ ತಂಗಿ ದೆಸಾಂಕ