ಕೊಕ್ಕೆ ನನ್ನ ಕೈಯಲ್ಲಿತ್ತು

ಪ್ರೀತಿಯ ಅತ್ತಿಗೆ,

ಕಾರ್ಡು ಚಿಕ್ಕದು, ನೇರ ವಿಷಯಕ್ಕೆ ಬರುತ್ತೇನೆ. ಇಲ್ಲೀಗ ಬ್ಯಾಟರಿ ಕಾರುಗಳ ರಿಪೇರಿ ಕಲಿಸುತ್ತಿದ್ದಾರೆ. ಒಬ್ಬ ಬ್ಯಾಟರಿಗೆ ಕೈ ಹಾಕಿದರೆ ಇನ್ನೊಬ್ಬ ಉದ್ದನೆಯ ಹಳದಿ ಕೊಕ್ಕೆ ಹಿಡಿದು ಹಿಂದೆ ನಿಲ್ಲಬೇಕು. ಕರೆಂಟು ಹೊಡೆದರೆ ಅವನನ್ನು ಮುಟ್ಟದೆ ಎಳೆಯುವುದಕ್ಕೆ.

ಇವತ್ತು ಕೊಕ್ಕೆ ನನ್ನ ಕೈಯಲ್ಲಿತ್ತು. ಬ್ಯಾಟರಿಯ ಮುಂದೆ ನನ್ನ ರೂಮಿನ ಗೊರಕೆರಾಯ. ಇದ್ದಕ್ಕಿದ್ದಂತೆ ಅವನ ಮೈಯೆಲ್ಲ ಅದುರಿತು. ನಾನು ಹಿಂದೆಮುಂದೆ ನೋಡದೆ ಸೊಂಟಕ್ಕೆ ಕೊಕ್ಕೆ ಹಾಕಿ ಎಳೆದುಬಿಟ್ಟೆ. ಇಬ್ಬರೂ ದಬಕ್ಕನೆ ನೆಲಕ್ಕೆ ಬಿದ್ದೆವು.

"ಸೀನು ಬಂತಷ್ಟೇ ಕಣೋ, ಬಿಡೋ ಸೊಂಟಾನ!" ಎಂದು ಕೂಗಿದ.

ಕ್ಲಾಸೆಲ್ಲ ಬಿದ್ದೂ ಬಿದ್ದೂ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಇವನು ಮಾಡಿದ್ದೇ ಸರಿ. ಸೀನೋ ಕರೆಂಟೋ ಅಂತ ಯೋಚಿಸ್ತಾ ನಿಂತ್ರೆ ಆಮೇಲೆ ಹೆಣ ಎಳೀಬೇಕಾಗುತ್ತೆ" ಎಂದರು. ಆರು ವಾರದಲ್ಲಿ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು!

ಅಣ್ಣನಿಗೆ ಪೂರ್ತಿ ಓದಿ ಹೇಳಿ. ಅಮ್ಮನಿಗೆ ಓದುವಾಗ ಕರೆಂಟಿನ ಸಾಲು ಹಾರಿಸಿಬಿಡಿ. ಊಟ, ನಿದ್ದೆ ಚೆನ್ನಾಗಿದೆ. ಬೆಳಗಿನಿಂದ ಸ್ವಲ್ಪ ನೆಗಡಿ, ಅಷ್ಟೇ. ನಾಳೆ ಬ್ಯಾಟರಿಗೆ ಕೈ ಹಾಕುವ ಸರದಿ ನನ್ನದು, ಕೊಕ್ಕೆ ಗೊರಕೆರಾಯನದು. ಸೊಂಟ ನೀವಿಕೊಳ್ಳುತ್ತಾ ಈಗಲೇ ನನ್ನನ್ನು ನೋಡಿ ನಗುತ್ತಿದ್ದಾನೆ.

ನಿಮ್ಮ ಮೈದುನ