ನಾಲ್ಕು ಗಂಟೆ ಎಂದು ಬರೆದೆ

ಜೂನ್ 4, ಬೆಳಿಗ್ಗೆ 11

ಮತ್ತೆ ಭಿನ್ನರಾಶಿ. ಮೂರನೇ ವಾರ. ಮೇಜಿನ ಈ ತುದಿಯಲ್ಲಿ ನಾನು ಕಟ್ಟುಹಲ್ಲು ಕೂರಿಸುವ ಪ್ಲಾಸ್ಟರ್ ದವಡೆಗಳು, ಆ ತುದಿಯಲ್ಲಿ ಮಗಳ ಪುಸ್ತಕ. ಮುಕ್ಕಾಲಿನಲ್ಲಿ ಅರ್ಧ ಕಳೆದರೆ ಎಷ್ಟು? ಪೆನ್ಸಿಲ್ ಕಚ್ಚುತ್ತಾಳೆ.

"ಗೊತ್ತಾಗ್ತಿಲ್ಲ ಅಪ್ಪ, ಇನ್ನೊಂದ್ಸಲ ಹೇಳು."

ಹಲ್ಲಿನ ಸೆಟ್‌ಗೆ ತಂದಿಟ್ಟ ಮೇಣವನ್ನೇ ಉಂಡೆ ಮಾಡಿ, ನಾಲ್ಕು ತುಂಡು ಕತ್ತರಿಸಿ ತೋರಿಸಿದೆ. ಒಂದು ತುಂಡಿನಲ್ಲಿ ಕೋರೆಹಲ್ಲು ಮಾಡಿ ಬಾಯಿಗೆ ಅಂಟಿಸಿಕೊಂಡು ನಕ್ಕಳು. ಆಮೇಲೆ ಮತ್ತೆ ಗೊತ್ತಾಗಲಿಲ್ಲ.

ಹತ್ತು ವರ್ಷದ ಹುಡುಗಿ. ಬುದ್ಧಿ ಸ್ವಲ್ಪ ಮಂದವೇನೋ ಎಂಬ ಹೆದರಿಕೆ ಶುರುವಾಗಿದೆ. ಲೆಕ್ಕ ಹೇಳಿಕೊಡುವುದು ಅವಳ ಅಮ್ಮನ ಪಾಲಿನ ಕೆಲಸವಾಗಿತ್ತು. ತೀರಿಕೊಂಡು ಒಂದೂವರೆ ವರ್ಷ...

ಜೂನ್ 6

ಅಕ್ಕನ ಫೋನು. "ದಿನಾ ಎಷ್ಟು ಹೊತ್ತು ಪಾಠ ಮಾಡ್ತೀಯೋ ಅವಳಿಗೆ?"

"ನಾಲ್ಕು ಗಂಟೆ."

"ಮತ್ತೆ ಹಲ್ಲಿನ ಕೆಲಸ ಯಾರು ಮಾಡ್ತಾರೆ, ನಿಮ್ಮ ತಾತಾನಾ?"

"ನಿನಗೂ ಅವರೇ ತಾತ ಕಣೇ" ಎಂದೆ. ನಗಲಿಲ್ಲ. "ಶಾಲೆಗೆ ಕಳಿಸೋ" ಎಂದು ಇಟ್ಟುಬಿಟ್ಟಳು.

ಇವತ್ತಿನದನ್ನು ಸುಳ್ಳಿಲ್ಲದೆ ಕೂಡಿಸಿ ನೋಡಿದೆ. ಬೆಳಿಗ್ಗೆ ಲೆಕ್ಕ, ನಲವತ್ತು ನಿಮಿಷ. ಅಷ್ಟರಲ್ಲಿ ಡಾಕ್ಟರ ಫೋನು — ಯಾರಿಗೋ ಕೆಳಗಿನ ಸೆಟ್ ಒಸಡಿಗೆ ಒತ್ತುತ್ತಿದೆಯಂತೆ. ಮಧ್ಯಾಹ್ನ ಓದು, ಇಪ್ಪತ್ತು. ಸಂಜೆ ಭೂಗೋಳ, ಹತ್ತು. ಅದರಲ್ಲೂ ನಾನು ತೂಕಡಿಸಿದೆ. ಒಟ್ಟು ಒಂದು ಗಂಟೆ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತೇವೆ. ಅದನ್ನು ಯಾವ ವಿಷಯಕ್ಕೆ ಸೇರಿಸಲಿ?

ಜೂನ್ 13, ಮಧ್ಯಾಹ್ನ

ಶಿಕ್ಷಣ ಕಚೇರಿಯ ಮೇಡಂ ಬಂದಿದ್ದರು. ಮನೆಯಲ್ಲೇ ಕಲಿಯುವ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡಿ ಹೋಗುವವರು. ಫಾರಂನಲ್ಲಿ 'ಪೋಷಕರು ದಿನಕ್ಕೆ ಕೊಡುವ ಸಮಯ' ಎಂದಿತ್ತು. ನಾಲ್ಕು ಗಂಟೆ ಎಂದು ಬರೆದೆ.

ಮಗಳಿಗೆ ಹತ್ತು ಲೆಕ್ಕದ ಹಾಳೆ ಕೊಟ್ಟರು. ನೋಡಲಾರದೆ ನೀರು ತರುವ ನೆಪದಲ್ಲಿ ಒಳಗೆ ಹೋದೆ. ಒಳಗೇ ಐದು ನಿಮಿಷ ನಿಂತು, ಲೋಟ ತುಂಬಿಸಿ ಬರುವಷ್ಟರಲ್ಲಿ ಎಂಟು ಮುಗಿಸಿದ್ದಳು. ನಾನು ಬಂದಿದ್ದು ಕಂಡು ಪೆನ್ಸಿಲ್ ನಿಂತಿತು.

ಎಂಟೂ ಸರಿ. ಭಿನ್ನರಾಶಿಯ ಭಾಗಾಕಾರವೂ ಇತ್ತು. ಅದನ್ನು ನಾನು ಕಲಿಸಿಯೇ ಇಲ್ಲ.

"ಚೆನ್ನಾಗಿ ಹೇಳಿಕೊಟ್ಟಿದ್ದೀರಿ ಸಾರ್" ಎಂದರು ಮೇಡಂ. ಮಗಳು ಕದ್ದು ಸಿಕ್ಕಿಬಿದ್ದವಳಂತೆ ನೆಲ ನೋಡುತ್ತಿದ್ದಳು.

ಅದೇ ದಿನ, ಸಂಜೆ 5

ಕೇಳಿದೆ. ಕೋಪದಲ್ಲಲ್ಲ.

"ಯಾವಾಗ ಕಲಿತೆ ಮರಿ?"

"ಪುಸ್ತಕದಲ್ಲೇ ಇದೆಯಲ್ಲ. ನೀನು ಕೆಲಸ ಮಾಡುವಾಗ ಓದ್ಕೊಂಡೆ."

"ಮತ್ತೆ ಬರಲ್ಲ ಅಂತ ಯಾಕೆ ಹೇಳ್ತಿದ್ದೆ?"

ಫ್ರಾಕಿನ ಅಂಚು ಬೆರಳಿಗೆ ಸುತ್ತಿ, ಬಿಚ್ಚಿ...

"ಬೇಗ ಮುಗಿದ್ರೆ ನೀನು ಆ ಕಡೆ ತಿರುಗಿ ಕೂತ್ಕೋತೀಯ. ಪಾಲಿಶ್ ಮೆಷಿನ್ ಹಾಕ್ತೀಯ. ಕೈಯಲ್ಲಿ ಸೆಟ್ ಇರಲ್ಲ."

"ಅದಕ್ಕೆ?"

"ನಂಗೆ ಕೇಳಿಸುತ್ತೆ ಅಪ್ಪ. ಮೆಷಿನ್ ಸದ್ದಲ್ಲೂ ಅಳೋದು ಕೇಳಿಸುತ್ತೆ. ಪಾಠ ಮಾಡುವಾಗ ಮಾತ್ರ ನೀನು ಅಳಲ್ಲ."

ಜೂನ್ 14

ಪಾಠ ಇಲ್ಲ.

ಜೂನ್ 22

ಇಷ್ಟು ದಿನ ಬರೆಯಲಾಗಲಿಲ್ಲ. ಇವತ್ತಾದರೂ ಬರೆಯಬೇಕು.

ಎಲ್ಲರಿಗೂ ಹೇಳಿಕೊಂಡು ಬಂದಿದ್ದು: ಅಮ್ಮ ಹೋದಮೇಲೆ ಮಗು ಶಾಲೆಯ ಗೇಟಿನಲ್ಲಿ ಅಳುತ್ತಿತ್ತು, ಅದಕ್ಕೇ ಬಿಡಿಸಿದೆ. ಅತ್ತಿದ್ದು ನಿಜ. ಒಂದು ವಾರ. ಎಂಟನೇ ದಿನ ತಾನೇ ಜಡೆ ಹಾಕಿಕೊಂಡು — ಸೊಟ್ಟಗೆ — ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದಳು. "ಹೊತ್ತಾಯ್ತು ಅಪ್ಪ." ಅವಳು ಹೋದಮೇಲಿನ ಖಾಲಿ ಮನೆ ಕಂಡಿತು ನನಗೆ. "ಇವತ್ತು ಬೇಡ ಬಿಡು" ಎಂದೆ. ಮರುದಿನವೂ ಅದನ್ನೇ ಎಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ನಾನು ಅವಳಿಗೆ ಕೊಟ್ಟಿದ್ದು ದಿನಕ್ಕೆ ಒಂದು ಗಂಟೆ ಹತ್ತು ನಿಮಿಷ. ಅವಳು ನನಗೆ ಕೊಟ್ಟಿದ್ದು ಇಡೀ ದಿನ. ಒಂದೂವರೆ ವರ್ಷದ ಎಲ್ಲ ದಿನ.

ಜೂನ್ 25

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ನೀನೂ ಚಿಕ್ಕವನೇ ಕಣೋ ನನಗೆ" ಎಂದಳು, ಅಷ್ಟೇ.

ಶಾಲೆಗೆ ಹೋಗಿ ಬಂದೆ. ಐದನೇ ತರಗತಿಗೆ ಸೇರಿಸಿಕೊಳ್ಳುತ್ತಾರೆ. ಮಗಳಿಗೆ ಹೇಳಿದಾಗ ಮುಖ ಅರಳಿತು. ತಕ್ಷಣ ನನ್ನ ಕಡೆ ನೋಡಿ ಅದನ್ನು ಮಡಚಿಟ್ಟುಕೊಂಡಳು.

ಜುಲೈ 1, ಬೆಳಿಗ್ಗೆ 9:40

ಬಿಟ್ಟು ಬಂದೆ. ಗೇಟಿನ ಹತ್ತಿರ ನನ್ನ ಕಾಲರ್ ಸರಿಮಾಡಿದಳು. "ತಟ್ಟೆಗೆ ಹಾಕ್ಕೊಂಡು ಊಟ ಮಾಡು. ಪಾತ್ರೆಯಲ್ಲೇ ತಿನ್ಬೇಡ." ಹೂಂ ಎಂದೆ. ಗೇಟಿನ ಕಾವಲುಗಾರ ನಗುತ್ತಿದ್ದ — ಯಾರು ಯಾರನ್ನು ಶಾಲೆಗೆ ಬಿಡುತ್ತಿದ್ದಾರೆ ಎಂದು.

ಅದೇ ದಿನ, ಸಂಜೆ 6:20

ಹೋಮ್‌ವರ್ಕ್ ತಂದಿದ್ದಳು. ಹೊಸ ಗೆಳತಿಯರು ಕೆಳಗೆ ಬೀದಿಯಲ್ಲಿ ಇವಳಿಗಾಗಿ ಕೂಗುತ್ತಿದ್ದರು. ನಾನು ಸುಮ್ಮನೆ, "ಏನಾದ್ರೂ ಹೇಳಿಕೊಡ್ಬೇಕಾ?" ಎಂದೆ. ಕೇಳಬಾರದಿತ್ತು.

ನನ್ನ ಮುಖ ನೋಡಿದಳು. ಮುಚ್ಚಿದ ಪುಸ್ತಕ ತೆರೆದಳು. "ಹೂಂ. ಇದೊಂದು ಬರಲ್ಲ."

ಪುಟ ನೋಡಿದೆ. ಮುಕ್ಕಾಲಿನಲ್ಲಿ ಅರ್ಧ ಕಳೆಯುವ ಲೆಕ್ಕ.

"ಬರುತ್ತೆ ನಿಂಗೆ. ಹೋಗು, ಆಡ್ಕೊಂಡು ಬಾ."

"ನೀನು?"

"ನಂಗೂ ಬರುತ್ತೆ."

ಇಳಿದು ಹೋದಳು. ಮೊದಲು ನಿಧಾನಕ್ಕೆ, ಕೊನೆಯ ಮೆಟ್ಟಿಲುಗಳನ್ನು ಹಾರಿಕೊಂಡು. ಈಗ ಕೆಳಗಿನಿಂದ ಅವಳ ದನಿ ಕೇಳುತ್ತಿದೆ. ಇಷ್ಟು ಗಟ್ಟಿ ದನಿ ಅವಳಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.